ಆಡಬಾರದ ಕೊನೆಯ ಮಾತು

"ಅಷ್ಟಕ್ಕೇ ನಿಲ್ಸೇ!" ಎಂದು ರೋಲಂಡ್ ಹೇಥಾರ್ನ್ ಅಡುಗೆಮನೆಯ ಮೇಜಿನಾಚೆಯಿಂದ ಅಂಗೈ ಎತ್ತಿದ. ಅವನ ತಾಲೀಮಿಗೆಂದು ನಾಯಕಿಯ ಮಾತುಗಳನ್ನು ಹೇಳುತ್ತಿದ್ದ ಹೆಂಡತಿ ಈನಿಡ್‌ಳ ಬಾಯಿ ತೆರೆದಂತೆಯೇ ಉಳಿಯಿತು. ಮೊದಲ ಪ್ರದರ್ಶನಕ್ಕೆ ಮುನ್ನ ನಾಟಕದ ಕೊನೆಯ ಮಾತನ್ನು ಯಾರೂ ಆಡಕೂಡದು. ಆಡಿದರೆ ನಾಟಕ ಮುಳುಗುತ್ತದೆ. ಲೀಡ್ಸ್‌ನ ರಂಗಮಂದಿರದಲ್ಲಿ ಕಸ ಗುಡಿಸುವವರೂ ಇದನ್ನು ನಂಬುತ್ತಿದ್ದರು.

ಹಿಂದೊಮ್ಮೆ ಇದೇ ನಾಟಕಕ್ಕೆ ಅವಳೇ ನಾಯಕಿ. ತಾಲೀಮೆಲ್ಲ ಮುಗಿಸಿ, ಆ ಕೊನೆಯ ಮಾತೊಂದನ್ನು ಮೊದಲ ಪ್ರದರ್ಶನಕ್ಕೆಂದು ಕಾಪಿಟ್ಟುಕೊಂಡಿದ್ದಳು. ಅಷ್ಟರಲ್ಲಿ ರೋಲಂಡ್‌ಗೆ ಸಿನಿಮಾದಿಂದ ಕರೆ ಬಂತು. ಮಗು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಯಿತು. ಪಾತ್ರ ಬೇರೊಬ್ಬಳ ಪಾಲಾಯಿತು. ಅವನು ಬಿರುದು ಪಡೆದು ಸರ್ ರೋಲಂಡ್ ಆದ. ಅವಳು ಅವನ ಪ್ರತಿ ಪಾತ್ರಕ್ಕೂ ಈ ಮೇಜಿನಲ್ಲೇ ಎದುರು ಪಾತ್ರದ ಮಾತು ಹೇಳಿದಳು, ಪ್ರತಿ ಸಲವೂ ಆ ಅಂಗೈ ಕಂಡೊಡನೆ ನಿಂತಳು.

"ನಾಳೆ ಮೊದಲ ಶೋನಲ್ಲಿ ನಾಯಕಿ ಪಾರ್ಟಿನ ಹುಡುಗಿ ಹೇಳ್ತಾಳಲ್ಲ, ಬಿಡು. ಪಾಪ, ಅವಳಿಗೆ ನಿನ್ನಷ್ಟೂ ಬರಲ್ಲ," ಎಂದು ಅವನು ಟೀ ಹೀರಿದ.

ಈನಿಡ್ ಎದ್ದು ನಿಂತಳು. "ಬಾಗಿಲು ಹಾಕ್ಕೊಂಡು ಹೋಗು. ನಾನು ಕಾದಿದ್ದು ಸಾಕು."

"ಅಯ್ಯೋ, ಹೇಳೇ ಬಿಟ್ಯಲ್ಲೇ! ಮುಳುಗಿಸಿದೆ ನಾಟಕಾನ!" ಎಂದು ಹೌಹಾರಿದವನು ಮರುಕ್ಷಣವೇ ನಕ್ಕ. "ಆದ್ರೂ ಏನ್ ಹೇಳಿದ್ಯೇ! ಮೈ ಜುಂ ಅಂತು." ಅವನು ಚಪ್ಪಾಳೆ ತಟ್ಟತೊಡಗಿದ. ತಟ್ಟುತ್ತಲೇ ಅವಳ ಕೈಯತ್ತ ನೋಡಿದ. ಗೂಟದಲ್ಲಿದ್ದ ಅವನ ಕೋಟನ್ನು ತೆಗೆದು ಅವಳು ಅವನತ್ತ ಚಾಚಿದ್ದಳು.

ನಾಟಕದಲ್ಲಿ ಎಲ್ಲಿಯೂ ಕೋಟು ಇರಲಿಲ್ಲ.