ಕುಂಯ್ ಅಂದದ್ದು ಯಾತಕ್ಕೆ?

ಮೇಷ್ಟ್ರ ತಲೆಗೆ ಮೆತ್ತಿದ ಬಣ್ಣವನ್ನು ತೊಳೆಯುವ ಹೊತ್ತಾಯಿತೆಂದು ತಿಳಿಸಬೇಕಾಗಿದ್ದ ಡಿಜಿಟಲ್ ಡೈರಿ, ಕನ್ನಡಿಯ ಕೆಳಗಿನ ಹಲಗೆಯ ಮೇಲಿಂದ ನಾಯಿಮರಿಯಂತೆ ಕುಂಯ್ ಕುಂಯ್ ಎಂದಿತು. ಕ್ಷೌರದಂಗಡಿಯ ಕತ್ತರಿಯಣ್ಣ ಅಭ್ಯಾಸಬಲದಿಂದ ಬಾಚಣಿಗೆಯ ಬಾಲದಲ್ಲಿ ಅದರ ಗುಂಡಿ ಒತ್ತಿದ. ಸದ್ದು ನಿಂತಿತು. ಸದ್ದಿನ ಜೊತೆಗೆ, ಅದು ಯಾತಕ್ಕೆ ಕೂಗಿತೆಂದು ತೆರೆಯ ಮೇಲೆ ಮೂಡಿದ್ದ ಸಾಲೂ ಅಳಿಸಿಹೋಯಿತು.

“ನಂದೇನಯ್ಯ ಅದು?” ಎಂದರು ಮೇಷ್ಟ್ರು, ಕುತ್ತಿಗೆಯವರೆಗೆ ಬಟ್ಟೆ ಹೊದ್ದು, ಕನ್ನಡಕವಿಲ್ಲದ ಕಣ್ಣುಗಳನ್ನು ಕಿರಿದು ಮಾಡಿಕೊಂಡು.

“ಇರಬಹುದು ಸಾರ್. ಪಂಪಿಂದೂ ಇರಬಹುದು. ಅಮ್ಮನ ಮಾತ್ರೆದೂ ಇರಬಹುದು.”

ಅಂಗೈಯಗಲದ ಆ ಯಂತ್ರ ಭಾವನ ಉಡುಗೊರೆ. ಆಫೀಸಿನ ಮನುಷ್ಯನಾದ ಅವನು ಹೊಸದನ್ನು ಕೊಂಡು, ಹಳೆಯದನ್ನು ತಂಗಿಯ ಮನೆಗೆ ದಾಟಿಸಿದ್ದ. “ನಮ್ಮಣ್ಣ ಕೊಟ್ಟಿದ್ದು ಮೂಲೆ ಸೇರಿದ್ರೆ ನಾನು ಸುಮ್ನಿರಲ್ಲ” ಎಂದು ಹೆಂಡತಿ ಮೊದಲೇ ಹೇಳಿಬಿಟ್ಟಿದ್ದರಿಂದ, ಕತ್ತರಿಯಣ್ಣ ಅದಕ್ಕೊಂದು ಕೆಲಸ ಹುಡುಕಲೇಬೇಕಾಯಿತು. ಅದರ ಮಂದ ಬೆಳಕಿನಲ್ಲಿ ಗಿರಾಕಿಗಳ ಕಿವಿ ಇಣುಕಿ ನೋಡಿದ. ಅದರ ಜೊತೆ ಬಂದ ಕಡ್ಡಿಯಿಂದ ಟ್ರಿಮ್ಮರಿನ ಹಲ್ಲಿಗೆ ಸಿಕ್ಕಿದ ಕೂದಲು ಬಿಡಿಸಿದ. ಗಾಳಿಗೆ ಹಾರುವ ಪೇಪರಿನ ಮೇಲೆ ಹೇರಿದ. ಕೊನೆಗೆ ಅದಕ್ಕೆ ಕೂಗಲೂ ಬರುತ್ತದೆಂದು ಗೊತ್ತಾದ ಮೇಲೆ, ಮನೆಯ ಮತ್ತು ಅಂಗಡಿಯ ಸಕಲ ಗಳಿಗೆಗಳನ್ನೂ ಅದರ ಹೊಟ್ಟೆಗೆ ತುಂಬಿದ. ಸೆಲ್ ಬೇಕಾದಾಗ ಗೋಡೆ ಗಡಿಯಾರದ್ದನ್ನೇ ಕಿತ್ತು ಹಾಕಿದ. ಕೂಗಿ ಹೇಳುವುದೊಂದು ಮನೆಗೆ ಬಂದಿರುವಾಗ ಕತ್ತೆತ್ತಿ ನೋಡುವುದೇಕೆ? ಎಲ್ಲಕ್ಕೂ ಅದರದು ಒಂದೇ ಕೂಗು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಇಂಥ ದಿನವೇ ಮೇಷ್ಟ್ರು ಬಂದು ಕೂತಿದ್ದರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಅವರ ಅಕ್ಕ ಒಬ್ಬ ಹೆಂಗಸಿಗೆ ಇವರ ಫೋಟೊ ತೋರಿಸಿ, ಸಂಜೆ ಪಕ್ಕದ ಕಾಫಿ ಅಂಗಡಿಯಲ್ಲಿ ಇಬ್ಬರೂ ಭೇಟಿಯಾಗುವಂತೆ ಮಾಡಿದ್ದಳು. ಫೋಟೊದಲ್ಲಿದ್ದದ್ದು ಹತ್ತಿಯಂಥ ತಲೆ. ಕಡೇ ಗಳಿಗೆಯಲ್ಲಿ ಮೇಷ್ಟ್ರಿಗೆ ಆ ತಲೆಯ ಮೇಲೆ ನಂಬಿಕೆ ಹೋಯಿತು.

“ಬಣ್ಣ ಹಾಕಿದ್ದು ಗೊತ್ತಾಗಬಾರದು ಕಣಯ್ಯ. ಆದ್ರೆ ಹಾಕಿದ್ದೂ ವೇಸ್ಟ್ ಆಗಬಾರದು,” ಎಂದಿದ್ದರು.

“ಹೊತ್ತು ನೋಡ್ಕೊಂಡು ತೊಳೆದ್ರೆ ಬೂದುಗಪ್ಪು ಸಾರ್. ಸ್ವಲ್ಪ ಮೈಮರೆತ್ರೆ ಕಾಗೆ,” ಎಂದು ಕತ್ತರಿಯಣ್ಣನೇ ಎಚ್ಚರಿಸಿದ್ದ. ಮೈಮರೆಯಬಾರದೆಂದೇ ಯಂತ್ರಕ್ಕೆ ಒಪ್ಪಿಸಿದ್ದ.

ಈಗ ಗೋಡೆ ನೋಡಿದ. ಗಡಿಯಾರ ಸತ್ತ ಗಳಿಗೆಯಲ್ಲೇ ನಿಂತಿತ್ತು. ಮೇಷ್ಟ್ರು ಬಟ್ಟೆಯೊಳಗಿಂದ ಕೈ ತೆಗೆದು ವಾಚು ತೋರಿಸಿದರು. ಈಗೆಷ್ಟು ಗಂಟೆಯೆಂದು ತಿಳಿಯಿತು. ಬಣ್ಣ ಹಚ್ಚಿದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ.

“ತಲೆ ಎಲ್ಲಿಗೂ ಓಡಿಹೋಗಲ್ಲ ಸಾರ್. ಟ್ಯಾಂಕ್ ತುಂಬಿ ಹರಿದ್ರೆ ನೀರು ಮೋರಿ ಪಾಲಾಗುತ್ತೆ,” ಎಂದು ಕತ್ತರಿಯಣ್ಣ ಹೊರಗೋಡಿ, ಮೆಟ್ಟಿಲ ಕೆಳಗೆ ಗೊರಗುಡುತ್ತಿದ್ದ ಪಂಪನ್ನು ಆರಿಸಿ, ಗೆದ್ದವನಂತೆ ಬಂದು ನಲ್ಲಿ ತಿರುಗಿಸಿದ. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಮಹಡಿಯ ಮೇಲಿನ ಮನೆಯಿಂದ ಹೆಂಡತಿಯ ದನಿ ಇಳಿಯಿತು. “ರೀ! ಪಂಪ್ ಯಾಕೆ ನಿಲ್ಸಿದ್ರಿ? ಟ್ಯಾಂಕ್ ಒಣಗಿದೆ, ಈಗಷ್ಟೇ ಹಾಕಿದ್ದೆ!”

“ಕುಂಯ್ ಅಂತಲ್ಲೇ! ಅದು ಕೂಗೋದು ಆರಿಸೋಕೆ ತಾನೆ?”

“ಹಾಕೋಕೆ ಅಂತ ನೀವೇ ಹೇಳಿದ್ದು!”

“ನಾನೆಲ್ಲಿ ಹೇಳ್ದೆ?”

“ಅಯ್ಯೋ, ಅದೇ ಕೂಗಿಗೆ ಅತ್ತೆಗೆ ಮಾತ್ರೇನೂ ಕೊಟ್ಟುಬಿಟ್ಟೆನಲ್ರೀ!”

ಕತ್ತರಿಯಣ್ಣ ಮತ್ತೆ ಪಂಪಿನತ್ತ ಓಡಲು ಹೊರಟ.

“ಮೊದಲು ನನ್ನ ತಲೆ ತೊಳೆಯೋ ಮಾರಾಯ!” ಎಂದು ಮೇಷ್ಟ್ರು ತರಗತಿಯ ದನಿಯಲ್ಲಿ ಗುಡುಗಿದರು. “ನಿಮ್ಮ ಸಂಸಾರ ಆಮೇಲೆ ತೊಳ್ಕೊಳ್ಳಿ!”

ಹೆಂಡತಿ ಗೊಣಗುತ್ತ ಕುಡಿಯುವ ನೀರಿನ ಕೊಡವನ್ನೇ ಹೊತ್ತು ತಂದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಚೊಂಬು ಚೊಂಬು ಸುರಿದು, ಒರೆಸಿ, ಮೇಷ್ಟ್ರಿಗೆ ಕನ್ನಡಕ ಕೊಟ್ಟಾಗ ಕನ್ನಡಿಯಲ್ಲಿ ಬೇರೆ ಯಾರೋ ಕೂತಿದ್ದ. ಮುಖವೇನೋ ಮೇಷ್ಟ್ರದೇ. ಅದರ ಮೇಲೆ ಅಮಾವಾಸ್ಯೆ ಇಳಿದಿತ್ತು. ಎಡಗಿವಿಗೂ ಅದರ ಒಂದು ಪಾಲು ಸಿಕ್ಕಿತ್ತು.

“ಬೋಳಿಸಿಬಿಡಲಾ ಸಾರ್?” ಎಂದ ಕತ್ತರಿಯಣ್ಣ, ಮೆಲ್ಲಗೆ.

ಮೇಷ್ಟ್ರು ಬಟ್ಟೆಯ ತುದಿಯಿಂದ ಕಿವಿ ಉಜ್ಜಿಕೊಳ್ಳುತ್ತಿರುವಾಗಲೇ ಬಾಗಿಲು ತೆರೆಯಿತು. ಕೈಚೀಲ ಹಿಡಿದ ನಡುವಯಸ್ಸಿನ ಹೆಂಗಸೊಬ್ಬರು ಹೊಸ್ತಿಲಲ್ಲೇ ನಿಂತರು.

“ಪಕ್ಕದ ಕಾಫಿ ಅಂಗಡೀಲಿ ಒಬ್ಬರು ಮೇಷ್ಟ್ರು ಸಿಗ್ತೀನಿ ಅಂದಿದ್ರು. ನಾನೇ ಸ್ವಲ್ಪ ಬೇಗ ಬಂದೆ, ಅಲ್ಲಿನ್ನೂ ಬಾಗಿಲು ತೆಗೆದಿಲ್ಲ. ತಲೆ ಪೂರ್ತಿ ಬೆಳ್ಳಗಿರೋರು. ಈ ಕಡೆ ಏನಾದ್ರೂ ಬಂದ್ರಾ?”

ಕತ್ತರಿಯಣ್ಣನಿಗೆ ಎತ್ತ ನೋಡಬೇಕೆಂದೇ ತಿಳಿಯಲಿಲ್ಲ. ಚೊಂಬಿನೊಳಗೆ ನೋಡಿದ.

“ಬರ್ತಾರೆ,” ಎಂದರು ಮೇಷ್ಟ್ರು, ತಿರುಗದೆ, ಕನ್ನಡಿಗೆ.

“ತುಂಬ ತಡ ಆಗುತ್ತಾ?”

“ಬುಡದಿಂದ ಬೆಳೆದು ಬರಬೇಕಲ್ಲ. ಒಂದೆರಡು ತಿಂಗಳಾದ್ರೂ ಹಿಡಿಯುತ್ತೆ.”

ಆಕೆ ಕನ್ನಡಿಯೊಳಗಿನ ಕರಿತಲೆಯನ್ನೂ, ಕಿವಿಯಿಂದ ಇಳಿದು ಕಾಲರಿನತ್ತ ಹೊರಟಿದ್ದ ಕಪ್ಪು ಹನಿಯನ್ನೂ ಸುಮಾರು ಹೊತ್ತು ನೋಡಿದರು. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕೈಚೀಲವಿಟ್ಟು, ಪಕ್ಕದಲ್ಲಿ ಸರಿಯಾಗಿ ಕೂತುಕೊಂಡು, ಕತ್ತರಿಯಣ್ಣನಿಗೆ, “ಆ ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸಿ,” ಎಂದರು.