ಊಟಕ್ಕೆ ಹೋಗುವ ಕಳ್ಳ

ಊಟಕ್ಕೆ ಹೋಗಿದ್ದ ಕಳ್ಳ ಮತ್ತೆ ಬಂದಿದ್ದ.

ಸಮನ್ವಿತಾ ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. ತೆರೆಯ ಮೇಲೆ ಸಾಲುಗಳು ಏರುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗುಂಪು. ಎಲ್ಲವೂ ಒಂದೇ ಫೋನಿನಿಂದ.

"ಅಮ್ಮಾ, ಊಟದ ಹೊತ್ತಿಗೆ ನಿಂತದ್ದು ಪುನಃ ಶುರುವಾಯ್ತು. ಯಾರೋ ನನ್ನ ವೆಬ್‌ಸೈಟಿನಲ್ಲಿ ಆಟ ಆಡ್ತಾ ಇದ್ದಾರೆ."

"ಮದುವೆಯ ಹೇಳಿಕೆ ಕಂಪ್ಯೂಟರಿನಲ್ಲಿ ಮಾಡಿದರೆ ಇನ್ನೆಂತ ಆಗುದು?" ಗೋದಾವರಿ ಅಡುಗೆಮನೆಯಿಂದಲೇ ಕೇಳಿದರು.

ಹಗಲು ಪುತ್ತೂರಿನ ಒಂದು ಕಚೇರಿಯಲ್ಲಿ ಕೆಲಸ, ಸಂಜೆ ಮುನವ್ವರ್ ಸರ್ ಅವರ ಕಂಪ್ಯೂಟರ್ ಕ್ಲಾಸು. ಅಲ್ಲಿ ಕಲಿತ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಿಂದ ಸಮನ್ವಿತಾ ತನ್ನ ಮದುವೆಯ ಕರೆಯೋಲೆಯನ್ನು ತಾನೇ ಕಟ್ಟಿದ್ದಳು. ಪುಟದ ಕೊನೆಗೆ ಒಂದೇ ಬಟನ್: 'ಬರುತ್ತೇವೆ'. ಒಬ್ಬರಿಗೆ ಒಂದು ಸಲ ಒತ್ತಬೇಕು. ಹೆಸರು ಬರೆಯುವ ತೊಂದರೆ ಯಾರಿಗೂ ಬೇಡ, ಫೋನ್ ಇಲ್ಲದ ಅಜ್ಜಿಯ ಪಾಲಿನದ್ದನ್ನು ಮನೆಯವರೇ ಒತ್ತಲಿ ಎಂದು ಹಾಗೆ ಮಾಡಿದ್ದಳು. ಒತ್ತಿದಾಗ ಅವಳ ತೆರೆಯಲ್ಲಿ ಒಂದು ಸಾಲು ಏರಿ, ಒತ್ತಿದವರಿಗೆ 'ನಿಮ್ಮ ಎಲೆ ಹಾಕಿದೆ' ಎಂಬ ಉತ್ತರ ಬರುತ್ತಿತ್ತು.

ಆ ಉತ್ತರದ ಹಿಂದೆ ಅವಳ ಎರಡು ತಿಂಗಳ ನಿದ್ದೆ ಹೋಗಿತ್ತು. ಬಟನ್ ಒತ್ತಿದ ಸುದ್ದಿ ಮೊದಲು ಸರ್ವರ್ ಎಂಬ ದೂರದ ಕಂಪ್ಯೂಟರಿಗೆ ತಲಪುತ್ತದೆ. ಅದಕ್ಕೆ ಪೈಥಾನ್ ಬಾರದು. ನಡುವೆ ಒಂದು ಕೊಂಡಿ ನಿಂತು, ಅಲ್ಲಿಯ ಮಾತನ್ನು ಅವಳ ಪ್ರೋಗ್ರಾಮಿಗೆ ದಾಟಿಸಿ, ಇಲ್ಲಿಯ ಉತ್ತರವನ್ನು ಹಿಂದಕ್ಕೆ ಒಯ್ಯುತ್ತದೆ. ಎಲ್ಲ ಸರಿಯಾಗಿಯೇ ಇತ್ತು. ಆದರೂ ತಪ್ಪು ತನ್ನದೇ ಇರಬೇಕೆಂದು ಅವಳು ಬೆಳಿಗ್ಗಿನಿಂದ ಪ್ರೋಗ್ರಾಮನ್ನು ಮೂರು ಸಲ ಓದಿದ್ದಳು.

"ಅದೆಲ್ಲ ಇರಲಿ, ತಿರುಮಲೇಶ್ವರಣ್ಣ ಒತ್ತಿದನಾ?" ಗೋದಾವರಿ ಕೈ ಒರೆಸುತ್ತ ಬಂದರು.

ಮನೆಯಲ್ಲಿ ನಿಜವಾದ ಚಿಂತೆ ಅದು. ಧಾರೆಯ ಹೊತ್ತಿಗೆ ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ, ಅಂದರೆ ಗೋದಾವರಿಯ ಅಣ್ಣ ತಿರುಮಲೇಶ್ವರ. ಇಚಿಲಂಪಾಡಿಯ ಆ ಮಾವನಿಗೆ ಮನೆಗೆ ಹೋಗಿ ಅಕ್ಷತೆ ಕೊಟ್ಟು ಹೇಳುವ ಬದಲು ಸಮನ್ವಿತಾ ವಾಟ್ಸ್ಯಾಪಿನಲ್ಲಿ ಲಿಂಕ್ ಕಳಿಸಿದ್ದಳು. 'ಮಾವ, ನಿಮ್ಮ ಊರಿನವರಿಗೆಲ್ಲ ನೀವೇ ತಿಳಿಸಿ' ಎಂದೂ ಬರೆದಿದ್ದಳು. 'ಆಯ್ತು' ಎಂದಷ್ಟೇ ಉತ್ತರ ಬಂದಿತ್ತು.

"ಹೆಸರು, ನಂಬರ್ ಗೊತ್ತಾಗುದಿಲ್ಲ ಅಮ್ಮ. ಎಷ್ಟು ಜನ, ಒಂದೇ ಫೋನಾ ಬೇರೆಯಾ ಅಂತ ಮಾತ್ರ."

"ಅವನು ಬರುದಿಲ್ಲ. ನನಗೆ ಗೊತ್ತುಂಟು. ಹೀಗೆಲ್ಲ ಕರೆದರೆ ಬರುವ ಜನ ಅಲ್ಲ ಅವನು."

ಗೋದಾವರಿ ಅಣ್ಣನಿಗೆ ಫೋನ್ ಮಾಡಿದರು. ಎರಡು ಸಲ ರಿಂಗಾಯಿತು. ಕಟ್ ಆಯಿತು.

"ನೋಡು! ಕಟ್ ಮಾಡಿದ!"

ಮನೆಯ ಫೋನಿಗೆ ಮಾಡಿದಾಗ ಅತ್ತಿಗೆ ಸಿಕ್ಕಿದರು. "ಅವರಾ? ನಿನ್ನೆಯಿಂದ ಇದೇ ಕಥೆ. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೊಡೆ ಹಿಡ್ಕೊಂಡು ಹೋಗುದು. ಮಧ್ಯಾಹ್ನ ಉಂಡು ಪುನಃ ಹೋದರು. ಎಲ್ಲಿಗೆ ಅಂತ ಕೇಳಿದರೆ ತುರ್ತು ಕೆಲಸ ಅಂತೆ."

"ಬೇರೆಯವರ ಮದುವೆ ಜಂಬರಕ್ಕೆ ಪಂಚೆ ಉಟ್ಟು ಹೋಗ್ಲಿಕ್ಕೆ ಆಗ್ತದೆ," ಎಂದು ಗೋದಾವರಿ ಫೋನ್ ಇಟ್ಟರು. ಕಣ್ಣಂಚು ಒದ್ದೆಯಾಗಿತ್ತು.

ಮಾವನನ್ನು ಹೇಗೆ ಸರಿಮಾಡುವುದೋ ಸಮನ್ವಿತಾಳಿಗೆ ತಿಳಿಯದು. ಕಳ್ಳನನ್ನಾದರೂ ಹಿಡಿಯೋಣವೆಂದು ಮುನವ್ವರ್ ಸರ್‌ಗೆ ಫೋನ್ ಮಾಡಿದಳು.

"ಮೆಷಿನ್ ಆದರೆ ಹೀಗೆ ನಿಲ್ಲುದಿಲ್ಲ ಮಾರಾಯ್ತಿ," ಎಂದರು ಅವರು ನಗುತ್ತ. "ಇದು ನಾಲ್ಕು ಸಲ ಒತ್ತಿ, ಕಾಫಿ ಕುಡಿದು, ಪುನಃ ಒತ್ತುವ ಹಾಗೆ ಉಂಟು. ಭಾರೀ ಪುರುಸೊತ್ತಿನ ಕಳ್ಳ."

"ಈಗ ಎಂತ ಮಾಡುದು ಸರ್? ಅಡುಗೆಯ ಸರ್ವೋತ್ತಮಣ್ಣನಿಗೆ ಸಂಜೆಯೊಳಗೆ ಜನ ಎಷ್ಟು ಅಂತ ಹೇಳ್ಬೇಕು."

"ಆ ಕೊಂಡಿ ಉಂಟಲ್ಲ, ಅಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸು. ಆ ಫೋನ್ ಬಂದರೆ ನಿನ್ನ ಪ್ರೋಗ್ರಾಮಿನವರೆಗೆ ಬಿಡ್ಲಿಕ್ಕೇ ಇಲ್ಲ. ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸುದು."

ಕಾವಲುಗಾರ ಹತ್ತೇ ಸಾಲಿನವನು. ಬರೆಯಲು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಏನು ಹೇಳಬೇಕೆಂಬುದೇ ಕಷ್ಟವಾಯಿತು. 'ಕರೆಯದೆ ಬಂದವರಿಗೆ ಇಲ್ಲಿ ಎಲೆ ಇಲ್ಲ' ಎಂದು ಬರೆದಳು. ಒರಟಾಯಿತೆನಿಸಿತು. ಅಳಿಸಿದಳು. ಕಳ್ಳನಿಗೆ ಎಂಥ ಮರ್ಯಾದೆ ಎಂದುಕೊಂಡು ಪುನಃ ಬರೆದಳು. ಆದರೂ ಮನಸ್ಸು ಕೇಳದೆ ಕೊನೆಗೆ 'ದಯವಿಟ್ಟು ಮನೆಗೆ ಹೋಗಿ' ಎಂದು ಸೇರಿಸಿದಳು.

ಆ ಫೋನಿನಿಂದ ಬಂದಿದ್ದ ಎಲೆಗಳನ್ನೆಲ್ಲ ಲೆಕ್ಕದಿಂದ ತೆಗೆದಳು. ಅರ್ಧಕ್ಕರ್ಧ ಜನ ಕರಗಿಹೋದರು. ಉಳಿದದ್ದನ್ನು ಸರ್ವೋತ್ತಮಣ್ಣನಿಗೆ ಹೇಳಿದಳು.

"ಇಷ್ಟೇ ಜನವಾ? ಮದುವೆಯಾ, ಸತ್ಯನಾರಾಯಣ ಪೂಜೆಯಾ?" ಎಂದರು ಅವರು.

ಬಿಸಿಲು ಇಳಿಯುವ ಹೊತ್ತಿಗೆ ಕಳ್ಳ ಇನ್ನೊಮ್ಮೆ ಬಂದ. ಈ ಸಲ ಒಂದೇ ಒಂದು ಸಾಲು. ಕಾವಲುಗಾರ ಬಾಗಿಲಲ್ಲೇ ತಡೆದ. ಕಳ್ಳ ಮತ್ತೆ ಒತ್ತಲಿಲ್ಲ. ಸಮನ್ವಿತಾ ಬೆಳಿಗ್ಗಿನಿಂದ ಮೊದಲ ಬಾರಿಗೆ ನಕ್ಕಳು.

ಆಗಲೇ ಫೋನ್ ಬಂತು. ತಿರುಮಲೇಶ್ವರ ಮಾವ. ಗೋದಾವರಿ ಓಡಿಬಂದು ಮಗಳ ಪಕ್ಕ ನಿಂತರು. ಸಮನ್ವಿತಾ ಸ್ಪೀಕರ್ ಹಾಕಿದಳು.

"ಮಾವ, ಬರ್ತೀರಲ್ಲ?"

ಮಾವ ಏದುಸಿರು ಬಿಡುತ್ತಲೇ ಕೇಳಿದರು.

"ಕೂಸೇ, ಎರಡು ದಿನ ಊರಿನ ಒಂದೊಂದೇ ಮನೆಯ ಜಗಲಿ ಹತ್ತಿ, ಕಾಫಿ ಕುಡಿದು, ನನ್ನ ಫೋನ್ ಕೊಟ್ಟು ಒಬ್ಬೊಬ್ಬರ ಕೈಯಲ್ಲೇ ಒತ್ತಿಸಿದೆ, ಕಡೆಗೆ ನನ್ನದೊಂದು ಒತ್ತುವ ಅಂತ ನೋಡಿದರೆ, ಕರೆಯದೆ ಬಂದವರಿಗೆ ಎಲೆ ಇಲ್ಲ, ಮನೆಗೆ ಹೋಗಿ ಅಂತ ಉಂಟಲ್ಲ, ಇದು ನೀನೇ ಬರೆದದ್ದಾ, ನಿನ್ನ ಅಮ್ಮ ಬರೆಸಿದ್ದಾ?"