ಆರನೇ ತರಗತಿ ನಕ್ಕ ದಿನ

ಇದು ಆಣೆ ಮಾಡಿ ಹೇಳುವಷ್ಟು ನಿಜ; ನಂಬದವರು ರಾಣೆಬೆನ್ನೂರಿಗೆ ಹೋಗಿ ಮಕ್ಕಳನ್ನೇ ಕೇಳಿ. ಪುಸ್ತಕ ಮೆಚ್ಚಿದರೆ ಸಾಕು, ಬರೆದವರ ನಗು ಅವರನ್ನು ಬಿಟ್ಟು ಬಂದು ಓದಿದ ಮಗುವಿನ ಗಂಟಲಲ್ಲಿ ಕೂರುತ್ತದೆ. ಹಾಗಾಗಿ ಮಕ್ಕಳ ಪುಸ್ತಕ ಪ್ರಶಸ್ತಿಗೆ ಅಂಕಪಟ್ಟಿ ಬೇಕಿಲ್ಲ. ಆರನೇ ತರಗತಿಯವರು ಎಲ್ಲ ಪುಸ್ತಕ ಓದಿ ನಗುತ್ತಾರೆ. ಯಾರ ನಗು ಹೆಚ್ಚು ಬಾಯಿಗಳಲ್ಲಿ ಕೇಳುತ್ತದೋ ಅವರೇ ಗೆದ್ದಂತೆ.

ಮೂರು ವರ್ಷ ಸೋತಿದ್ದ ಕತೆಗಾರ ಹಾಲಸ್ವಾಮಿ ಈ ಸಲ ಹಿಂದಿನ ಬೆಂಚಿನಲ್ಲಿ ಬೆವರುತ್ತ ಕುಳಿತಿದ್ದರು.

“ಹೂಂ, ಎಲ್ಲಾರೂ ನಗ್ರಿ,” ಎಂದರು ಟೀಚರ್ ಸರೋಜಕ್ಕೋರು.

ಮೂವತ್ತೇಳು ಮಕ್ಕಳು ಕಿಸಕ್ಕನೆ ನಕ್ಕರು. ಒಂದು ಬಾಯಲ್ಲೂ ತಮ್ಮ ನಗುವಿಲ್ಲ! ಹಾಲಸ್ವಾಮಿ ತಲೆ ತಗ್ಗಿಸಿ ಚೀಲ ಹೆಗಲಿಗೇರಿಸಿದರು.

“ಸರ, ಹೊಂಟ್ರ್ಯಾ? ಚಾಷ್ಟಿ ಮಾಡಿದ್ವಿರೀ!” ಎಂದಳು ಮುಂದಿನ ಬೆಂಚಿನ ಗಂಗಮಾಳವ್ವ. “ಅದು ನಮ್ಮ ಅಕ್ಕೋರ ನಗಿ. ಬೇಕಂತ ಅಣಕ ಮಾಡಿದ್ವಿ. ಈಗ ನೀವ ಒಮ್ಮೆ ನಕ್ಕು ನೋಡ್ರಿ.”

ಹಾಲಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಿಂದ ಬರೀ ಗಾಳಿ ಬಂತು. ಮಕ್ಕಳು ಕಣ್ಣು ಮಿಟುಕಿಸದೆ ಬಾಯಿ ತೆರೆದರು. ಮೂವತ್ತೇಳು ಪುಟ್ಟ ಗಂಟಲುಗಳಿಂದ ಅವರ ಗೊಗ್ಗರು ನಗು ಒಟ್ಟಿಗೇ ಹೊರಟು ಕಿಟಕಿಗಳು ನಡುಗಿದವು. ಆ ಶಾಲೆಯಲ್ಲಿ ಅಷ್ಟು ಜೋರಾಗಿ ಅದುವರೆಗೆ ಯಾರೂ ನಕ್ಕಿರಲಿಲ್ಲ.